ಜೋಡಿ ಸೀನು

ಇದು ೧೯೯೩ರ ಫೆಬ್ರವರಿಯಲ್ಲಿ, ಹಾಡುಹಗಲಲ್ಲಿ ನಡೆದದ್ದು. ನನ್ನ ಗಂಡ ತೀರಿಕೊಂಡ ಮೇಲೆ ಅವರ ಹಳೆಯ ಟರ್ಬೊ ಕಾರು ನಾಲ್ಕು ವರ್ಷ ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಗೋದಾಮಿನಲ್ಲಿ ನಿಂತಿತ್ತು. ರಾಣೆಬೆನ್ನೂರಿನವರೆಗೆ ಕೆಡದೆ ಓಡಿದರೆ ಕಾರು ನನಗೆ, ಇಲ್ಲದಿದ್ದರೆ ಗುಜರಿಗೆ ಎಂದು ಮಾವ ಹೇಳಿದ್ದರು. ತಾವೂ ಹಿಂದಿನ ಸೀಟಿನಲ್ಲಿ ಕೂತು ಬರುವುದಾಗಿ ಹೇಳಿದ್ದರು.

ಮೆಕ್ಯಾನಿಕ್ ಇಸಾಕಸಾಬ ಇಲಿ ಕಡಿದ ಪೈಪು ಬದಲಿಸಿ, ಜಾಮ್ ಆಗಿದ್ದ ಟರ್ಬೊ ಬಿಚ್ಚಿ ತೊಳೆದು ಕೂರಿಸಿದ. ನಾನು ಕೀಲಿ ತಿರುಗಿಸುವಾಗ ಪಕ್ಕದಲ್ಲಿ ಕುಳಿತಿದ್ದ ಅವನು ಒಮ್ಮೆ ಸೀನಿದ.

“ನಿಂದರ್ರಿ ಅಕ್ಕಾರ, ಒಂಟಿ ಸೀನು ಕೆಟ್ಟದ್ದು. ಇನ್ನೊಂದು ಬರ್ಲಿ.”

“ಮೆಣಸಿನಕಾಯಿ ಗೋದಾಮಿನ್ಯಾಗ ಸೀನಿಗೆ ಬರಗಾಲೇನ್ರಿ?” ಎಂದೆ.

ಆಗ ಹಿಂದಿನ ಸೀಟಿನಿಂದ ಎರಡನೆಯ ಸೀನು ಬಂತು.

“ಯಜಮಾನ್ರು ಜೋಡಿ ಮಾಡಿದ್ರು! ನಡೀರಿ” ಎಂದು ಇಸಾಕಸಾಬ ನಕ್ಕ. ಮಾವ ಹತ್ತಿದ್ದಾರೆಂದುಕೊಂಡು ನಾನೂ ಹಿಂತಿರುಗಿ ನೋಡದೆ ನಗುತ್ತ ಹೊರಟೆ.

ಮೋಟೆಬೆನ್ನೂರು ದಾಟಿದ ಮೇಲೆ ಟರ್ಬೊ ಸಣ್ಣಗೆ ಸಿಳ್ಳೆ ಹಾಕಿತು, ಕಾರು ಮುಂದಕ್ಕೆ ಜಿಗಿಯಿತು. ಅಷ್ಟು ಬಿಸಿಲಿನಲ್ಲೂ ನನ್ನ ಕತ್ತಿನ ಹಿಂಭಾಗ ತಣ್ಣಗಿತ್ತು.

“ಹಿಂದ ಭಾರ ಕುಂತೈತಿ, ಗಾಡಿ ಚಂದ ರಸ್ತಾ ಹಿಡದೈತಿ” ಎಂದ ಇಸಾಕಸಾಬ.

ರಾಣೆಬೆನ್ನೂರಿನ ಬಸ್ ನಿಲ್ದಾಣದೆದುರು ಕಾರು ನಿಲ್ಲಿಸಿದರೆ, ಚಹಾದಂಗಡಿಯಿಂದ ಮಾವ ಓಡಿ ಬಂದರು.

“ಬಂತಲ್ಲವಾ! ನಡುದಾರ್ಯಾಗ ಕೈ ಕೊಟ್ರ ನೂಕೋರು ಯಾರು ಅಂತ ನಾ ಮುಂಜಾನಿ ಬಸ್ಸಿಗೇ ಬಂದ್ನಿ. ತಗೋ, ಗಾಡಿ ನಿಂದ!”

ಇಸಾಕಸಾಬ ನನ್ನ ಮುಖ ನೋಡಿದ. ನಾನು ಹಿಂದಿನ ಬಾಗಿಲು ತೆಗೆದೆ. ಸೀಟಿನ ಮೇಲೆ ನಾಲ್ಕು ವರ್ಷದ ಕೆಂಪು ಧೂಳು ಒಂದು ಗೆರೆಯೂ ಬೀಳದೆ ಹಾಗೇ ಇತ್ತು.