ಬಣ್ಣ ಕಳೆದುಕೊಂಡ ಪರದೆ

ಫೋಲ್ಡರ್ ಖಾಲಿ. ಜೊತೆಗೆ ಸಿಕ್ಕಿಸಿದ್ದ ಬ್ಯಾಕಪ್ ಡಿಸ್ಕೂ ಖಾಲಿ.

ವಿನ್ಯಾಸ ವಿಭಾಗದಲ್ಲಿ ಎಲ್ಲರೂ ಪುಟ್ಟಿ ಎಂದು ಕರೆಯುವ ಹುಡುಗಿ ಎರಡನ್ನೂ ಮತ್ತೆ ಮತ್ತೆ ತೆರೆದು ನೋಡಿದಳು. ಓದಲು ಬಾರದ ರೋಗಿಯೂ ಚಿತ್ರ ಮುಟ್ಟಿದರೆ ಸಾಕು, ಆಸ್ಪತ್ರೆಯಲ್ಲಿ ಹೋಗಬೇಕಾದ ಕೋಣೆಗೆ ದಾರಿ ತೋರಿಸುವ ಪರದೆ—ಸ್ನಾತಕೋತ್ತರ ಪದವಿಗೆ ಅವಳು ಎರಡು ವರ್ಷ ಮಾಡಿದ ಕೆಲಸ. ಹತ್ತಕ್ಕೆ ಹೊರಗಿನ ಪರೀಕ್ಷಕಿ ಬರುತ್ತಾರೆ. ಈಗ ಒಂಬತ್ತೂವರೆ.

"ಬೆಳಿಗ್ಗೆ ಎಂಟೂ ಹತ್ತಕ್ಕೆ ಅಳಿಸಿದ್ದಾರೆ. ನಿನ್ನ ಪಾಸ್‌ವರ್ಡ್‌ನಿಂದಲೇ," ಎಂದಳು ಲ್ಯಾಬ್ ನೋಡಿಕೊಳ್ಳುವ ಅಕ್ಕ.

ಪಕ್ಕದಲ್ಲಿದ್ದ ಗೈಡ್ ಸರ್ ತಲೆಯಾಡಿಸಿದರು. "ಕೆಲಸ ಮುಗೀಲಿಲ್ಲ ಅಂತ ನೀನೇ ಅಳಿಸಿ ನಾಟಕ ಆಡ್ತಿದ್ದೀಯ ಅಂತಾರಮ್ಮ. ಪದವಿ ಕೈತಪ್ಪಿದ ಹಾಗೇ."

ಅಕ್ಕ ಪುಟ್ಟಿಯತ್ತ ತಿರುಗಿದಳು.

"ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?"

"ಇವನಿಗೆ... ಆಮೇಲೆ ತಿದ್ದೋಕೆ ಬೇಕು ಅಂತ ಸರ್ ಕೂಡ ಇಸ್ಕೊಂಡಿದ್ರು."

ಇವನು ಎಂದರೆ ಹಿಂದೆ ನಿಂತಿದ್ದ ಸಹಪಾಠಿ. ಪ್ರತಿ ಪುಟಕ್ಕೂ ಏಳು ಬಣ್ಣ ಸುರಿಯುವುದರಿಂದ ಅಡ್ಡಹೆಸರು ಕಾಮನಬಿಲ್ಲು. ಅವನು ಮಾನಿಟರಿನತ್ತ ಕೈ ತೋರಿಸಿದ.

"ಅಕ್ಕಾ, ನಾನಲ್ಲ! ಈ ಕಂಪ್ಯೂಟರಿನ ಮಾನಿಟರೂ ಕೆಟ್ಟಿದೆ ನೋಡಿ, ಬರೀ ಬೂದಿ ಬಣ್ಣ."

ಅಕ್ಕ ಎರಡು ಕೀ ಒತ್ತಿದಳು. ಬಣ್ಣ ಮರಳಿತು.

"ಕೆಟ್ಟಿಲ್ಲ. ಯಾರೋ ಈ ಕೀ ಒತ್ತಿ ಬಣ್ಣ ತೆಗೆದಿದ್ದಾರೆ. ಪುಟ್ಟಿ, ನಿನ್ನೆ ಸಂಜೆ ಹೇಗಿತ್ತು?"

"ಬಣ್ಣ ಇತ್ತಕ್ಕ. ಚಿತ್ರದ ಬಾಗಿಲಿನ ಹಸಿರು ಸರಿಯಾಗಿದೆಯಾ ಅಂತ ನೋಡಿಯೇ ಮುಚ್ಚಿದ್ದು."

"ಸರ್, ನೀವು ಬೆಳಿಗ್ಗೆ ಇಲ್ಲಿಗೆ ಬಂದಿದ್ರಾ?"

"ನಾನಾ? ಈಗ ತಾನೇ ಕಾಲಿಟ್ಟೆ!"

"ಯಾರ ಕೆಲಸ ನೋಡೋಕೆ ಕೂತ್ರೂ ನೀವು ಮೊದಲು ಏನು ಮಾಡ್ತೀರಿ ಸರ್?"

ಕಾಮನಬಿಲ್ಲು ಭಯದಲ್ಲೂ ಸರ್ ದನಿ ಅನುಕರಿಸಿಬಿಟ್ಟ: "'ಬಣ್ಣ ಅನ್ನೋದು ಪೌಡರ್ ಕಣ್ರೋ. ಒರೆಸಿ ಮುಖ ನೋಡಿ!'"

"ಅದೇ, ಮೊದಲು ಪರದೆಯ ಬಣ್ಣ ತೆಗೀತೀರಿ," ಎಂದಳು ಅಕ್ಕ. "ಬರೀ ಅಳಿಸೋಕೆ ಬಂದವರಿಗೆ ಬಣ್ಣ ತೆಗೆಯೋ ಕೆಲಸ ಏನು? ನೀವು ಮೊದಲು ಕಾಪಿ ಮಾಡ್ಕೊಂಡ್ರಿ. ಸರಿಯಾಗಿ ಬಂತಾ ಅಂತ ತೆರೆದು ನೋಡಿದ್ರಿ. ನೋಡೋವಾಗ ಕೈ ತಾನಾಗೇ ಆ ಎರಡು ಕೀ ಒತ್ತಿತು. ಇಪ್ಪತ್ತು ವರ್ಷದ ಅಭ್ಯಾಸ ಸರ್. ಇವನಾಗಿದ್ರೆ ಇನ್ನೆರಡು ಬಣ್ಣ ಸೇರಿಸಿ ಹೋಗ್ತಿದ್ದ."

ಗೈಡ್ ಸರ್ ಕುರ್ಚಿ ಹಿಡಿದುಕೊಂಡರು.

"ಆಸ್ಪತ್ರೆಯವರಿಗೆ ಈ ಕೆಲಸ ನನ್ನದೇ ಅಂತ ತೋರಿಸಿಬಿಟ್ಟಿದ್ದೆ... ಇವತ್ತು ಇವಳು ತೋರಿಸಿದ್ರೆ ಯಾರದ್ದು ಅಂತ ಗೊತ್ತಾಗ್ತಿತ್ತು..." ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.

ಪುಟ್ಟಿ ಅದನ್ನು ಸಿಕ್ಕಿಸಿದಳು. ಪರದೆಯ ಮೇಲೆ ಆಸ್ಪತ್ರೆಯ ಹಸಿರು ಬಾಗಿಲುಗಳು ಒಂದೊಂದಾಗಿ ಮೂಡಿದವು.

ಹತ್ತಕ್ಕೆ ಸರಿಯಾಗಿ ಪರೀಕ್ಷಕಿ ಒಳಬಂದರು. "ಶುರು ಮಾಡೋಣ್ವಾ? ನಿನ್ನ ಗೈಡ್ ಪಕ್ಕದಲ್ಲಿ ನಿಲ್ಲಬೇಕಲ್ಲ, ಎಲ್ಲಿ?"

ಗೋಡೆಗೆ ಒರಗಿದ್ದ ಗುರುವಿನತ್ತ ಪುಟ್ಟಿ ತಿರುಗಲಿಲ್ಲ.

"ಅವರು ಯಾಕೆ ನಿಲ್ಲಲ್ಲ ಅಂತ ಆಮೇಲೆ ಹೇಳ್ತೀನಿ ಮೇಡಂ," ಎಂದಳು. "ಈಗ ನಾನೊಬ್ಬಳೇ ನಿಲ್ತೀನಿ."