ಮಲಗಿಸಬಾರದ ಗೊಂಬೆ

"ಇದನ್ನು ಯಾವತ್ತೂ ಮಲಗಿಸಬೇಡಿ," ಎಂದ ಗೈಡ್ ಬೆರಿಹುನ್. "ಮಲಗಿಸಿದರೆ ಇದರ ಬದಲಿಗೆ ಮನೆಯವರೊಬ್ಬರು ನಿಂತಿರಬೇಕಂತೆ. ಈ ಅಜ್ಜಿ ಹೇಳ್ತಿದ್ದಾಳೆ."

ಸುಘೋಷ್ ಹೊಟ್ಟೆ ಹಿಡಿದುಕೊಂಡು ನಕ್ಕ. ಪ್ಯಾರಮಟ್ಟಾದ ಆಫೀಸಿನಿಂದ ರಜೆ ಗಿಟ್ಟಿಸಿ, ಇಥಿಯೋಪಿಯಾದ ಓಮೋ ನದಿಯ ದಂಡೆಯ ಹಳ್ಳಿಗಳನ್ನು ಕ್ಯಾಮೆರಾ ಹೊತ್ತು ಸುತ್ತುತ್ತಿದ್ದ ಅವನಿಗೆ, ಇಂಥ ಕತೆಗಳೆಲ್ಲ ಪ್ರವಾಸಿಗರಿಗೆಂದೇ ಹೆಣೆದವು ಅನಿಸುತ್ತಿತ್ತು. ಗೇಣುದ್ದದ ಕರಿಮರದ ಗೊಂಬೆ. ತೆರೆದ ಕಣ್ಣು, ಬಿಗಿದ ಮೊಣಕಾಲು. ಅವನು ಕೇಳಿದ್ದೇ ತಡ, ಅಜ್ಜಿ ಕೊಟ್ಟುಬಿಟ್ಟಿದ್ದಳು. ಅನುಮಾನ ಬರಬೇಕಾದದ್ದು ಅಲ್ಲೇ.

ಅಂಗಳದ ನಡುವೆ ಆಳೆತ್ತರದ ಮರದ ಕಂಬವೊಂದಿತ್ತು. ಅಜ್ಜಿ ಅದರ ಬುಡಕ್ಕೆ ನೀರು ಸುರಿದು, ಅಂಗೈಯಿಂದ ಮೆಲ್ಲಗೆ ಒರೆಸುತ್ತಿದ್ದಳು.

"ಅದು ಅವಳ ಗಂಡ," ಎಂದ ಬೆರಿಹುನ್, ಅತ್ತ ನೋಡದೆ.

"ಎದುರಾಡದ ಗಂಡ. ಪುಣ್ಯವಂತೆ!" ಎಂದು ಸುಘೋಷ್ ಫೋಟೋ ಹೊಡೆದುಕೊಂಡ.

ನವರಾತ್ರಿಗೆ ಹೆಂಡತಿ ಅರುಂಧತಿ ಪ್ಯಾರಮಟ್ಟಾದ ತಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಗೊಂಬೆ ಕೂರಿಸಿದಳು. ಮೇಲೆ ಪಟ್ಟದ ಗೊಂಬೆಗಳು, ನಡುವೆ ಚನ್ನಪಟ್ಟಣದವು, ಕೆಳಗಿನ ಮೆಟ್ಟಿಲಲ್ಲಿ ನದಿಯೂರಿನ ಗೊಂಬೆ. ಅಜ್ಜಿಯ ಮಾತನ್ನು ಸುಘೋಷ್ ಯಾರಿಗೂ ಹೇಳಲಿಲ್ಲ. ಹೇಳಿದರೆ ತಾನೂ ಅರ್ಧ ನಂಬಿದ ಹಾಗಾಗುತ್ತದಲ್ಲ!

ಮಾರನೆಯ ದಿನದಿಂದಲೇ ಹಾಲಿನಲ್ಲಿ ಹಸಿ ಕೆಸರಿನ ವಾಸನೆ. ಜೊತೆಗೆ ಆರಿದ ಒಲೆಯ ಹೊಗೆ. ಬೆಳಿಗ್ಗೆ ಎದ್ದು ನೋಡಿದರೆ ಆ ಗೊಂಬೆ, ಮಗಳು ಆದ್ಯಾಳ ರೂಮಿನತ್ತ ಮುಖ ಮಾಡಿರುತ್ತಿತ್ತು.

"ದಿನಾ ಇದನ್ನ ತಿರುಗಿಸೋದು ನೀನೇ ತಾನೆ?" ಅರುಂಧತಿ ಕೇಳಿದಳು.

"ನಾನ್ಯಾಕೆ ಮುಟ್ಲಿ? ನಿಂದೇ ಕೆಲಸ ಇರ್ಬೇಕು."

ಇಬ್ಬರೂ ಒಬ್ಬರನ್ನೊಬ್ಬರು ನಂಬಲಿಲ್ಲ. ಮಗಳ ಮೇಲೂ ಒಂದು ಕಣ್ಣಿಟ್ಟರು. ಗೊಂಬೆಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ವಿಜಯದಶಮಿಯ ದಿನ ಅವನಿಗೆ ಮೆಲ್ಬರ್ನಿನಲ್ಲಿ ಮೀಟಿಂಗಿತ್ತು. ಅಲ್ಲಿನ ಕ್ಲೇಟನ್‌ನಲ್ಲಿ ಕೆಲಸ ಮುಗಿಸಿ ಏರ್‌ಪೋರ್ಟಿಗೆ ಬರುವಷ್ಟರಲ್ಲಿ ಅರುಂಧತಿಯ ಫೋನು.

"ಆರತಿ ಆಯ್ತು. ಹಬ್ಬ ಮುಗೀತಲ್ಲ, ಶಾಸ್ತ್ರಕ್ಕೆ ಒಂದು ಗೊಂಬೆ ಮಲಗಿಸ್ಬೇಕು. ಪಟ್ಟದ ಗೊಂಬೆ ಆದ್ಯಾಗೆ ಎಟುಕ್ಲಿಲ್ಲ. ನಿನ್ನ ಆಫ್ರಿಕಾದ ಗೊಂಬೇನೇ ಮಲಗಿಸಿದ್ಲು, ಜೋಗುಳ ಬೇರೆ!"

ಸುಘೋಷ್ ನಗಲು ನೋಡಿದ. ಆಗಲಿಲ್ಲ. "ಅರು, ಅದನ್ನ ಎತ್ತಿ ನಿಲ್ಸು. ಈಗಲೇ."

"ಯಾಕೆ? ಅದಿರ್ಲಿ, ಇವಳೇನೋ ಹಠ ಹಿಡಿದಿದಾಳೆ. ಆಗಿಂದ ನಿಂತೇ ಇದಾಳೆ. ಕೂತ್ಕೋ ಅಂದ್ರೆ ಕೂರ್ತಿಲ್ಲ."

ವಿಮಾನದಲ್ಲಿ ಅವನಿಗೆ ಆ ಕಂಬದ ಫೋಟೋ ನೆನಪಾಯಿತು. ಮೊಬೈಲ್ ತೆಗೆದು ದೊಡ್ಡದು ಮಾಡಿ ನೋಡಿದ. ಕಂಬದ ಕೆಳಭಾಗದಲ್ಲಿ ಎರಡು ಗಂಟುಗಳಿದ್ದವು. ಮೊಣಕಾಲು ಇರುವಲ್ಲೇ. ದೇವರೇ, ಎಂದ. ಎಷ್ಟೋ ವರ್ಷಗಳ ನಂತರ ಆ ಮಾತು ಅವನ ಬಾಯಲ್ಲಿ ಬಂದಿತ್ತು.

ಮನೆಯ ಬಾಗಿಲು ತೆರೆಯುತ್ತಲೇ ಕೆಸರಿನ ವಾಸನೆ ಮೂಗಿಗೆ ಅಡರಿತು. ಗೊಂಬೆಗಳ ಮುಂದೆ ಆದ್ಯಾ ನಿಂತಿದ್ದಳು. ಅಳುತ್ತಿದ್ದಳು, ಆದರೆ ರೆಪ್ಪೆ ಮುಚ್ಚುತ್ತಿರಲಿಲ್ಲ.

"ಡ್ಯಾಡಿ, ಐ ಕಾಂಟ್ ಸಿಟ್ ಡೌನ್."

ಅವಳ ಮೊಣಕಾಲು ಮುಟ್ಟಿದ. ತಣ್ಣಗಿತ್ತು. ಗಟ್ಟಿಯಾಗಿತ್ತು.

"ನಿಲ್ಸಿದ್ರೂ ನಿಲ್ತಿಲ್ಲ ಅದು, ಬಿದ್ದುಬಿಡತ್ತೆ!" ಅರುಂಧತಿ ಚೀರಿದಳು. "ಏನನ್ನ ತಂದಿಟ್ಟೆ ನೀನು ಮನೆಗೆ?"

ಸುಘೋಷ್ ಗೊಂಬೆಯನ್ನು ನಿಲ್ಲಿಸಿದ. ಬಿತ್ತು. ಮತ್ತೆ ನಿಲ್ಲಿಸಿದ. ಮತ್ತೆ ಬಿತ್ತು. ಅದರ ಕಣ್ಣು ಮುಚ್ಚಿತ್ತು. ನೆಮ್ಮದಿಯಾಗಿ ಮಲಗಿತ್ತು. ಮಗಳ ಸೊಂಟ ಬಿಗಿಯಿತು. ಕತ್ತು ಬಿಗಿಯಿತು. ಅಳು ನಿಂತಿತು.

"ತಂದವನು ನಾನು. ಇವಳ ಬದಲು ನಾನು ನಿಲ್ತೀನಿ," ಎಂದ, ಗೊಂಬೆಗೆ. "ಮಗೂನ ಬಿಡು."

ಆದ್ಯಾ ಕುಸಿದಳು. ಅಮ್ಮನ ತೋಳಿನಲ್ಲಿ ಒಮ್ಮೆ ಆಕಳಿಸಿ ನಿದ್ದೆಹೋದಳು. ಅರುಂಧತಿ ಅವಳನ್ನು ಒಳಗೆ ಮಲಗಿಸಿ ಬಂದಳು.

"ಸುಘೋಷ್, ಮಗೂಗೆ ಜ್ವರ ಏನೂ ಇಲ್ಲ. ಬಾ, ಕೂತ್ಕೋ."

ಅವನು ಕೂರಲಿಲ್ಲ. ಹೇಳಬೇಕೆಂದರೆ ನಾಲಗೆ ಹೊರಳಲಿಲ್ಲ.

"ಹೆದರಿಸ್ಬೇಡ ನನ್ನ," ಎಂದಳು. ಹತ್ತಿರ ಬಂದಳು. ಮುಖ ನೋಡಿದಳು. ಓಡಿಹೋಗಿ ಒಂದು ಲೋಟ ನೀರು ತಂದು ಅವನ ತುಟಿಗೆ ಹಿಡಿದಳು.

ತುಟಿ ತೆರೆಯಲಿಲ್ಲ. ನೀರು ಗದ್ದದಿಂದಿಳಿದು ಪಾದದ ಮೇಲೆ ಸುರಿಯಿತು. ಅರುಂಧತಿ ಅಳುತ್ತಾ, ಅಂಗೈಯಿಂದ ಅವನ ಮೈಯನ್ನು ಮೆಲ್ಲಗೆ ಒರೆಸತೊಡಗಿದಳು.