ಕಪ್ಪಿಟ್ಟ ಗೆಜ್ಜೆ

ಡಬ್ಬಿ ಇತ್ತು. ಒಳಗೆ ಗೆಜ್ಜೆ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಇಂದುವಿನ ಕೂಗಿಗೆ ಸ್ಪ್ರಿಂಗ್ ವ್ಯಾಲಿಯ ಅಕ್ಕಪಕ್ಕದ ನಾಯಿಗಳೆಲ್ಲ ಬೊಗಳಿದವು. ಹತ್ತು ವರ್ಷದ ನೈರೋಬಿ ವಾಸ ಮುಗಿಯಲು ಇನ್ನೊಂದೇ ತಿಂಗಳು. ಗಂಡನ ಬ್ಯಾಂಕು ವಾಪಸ್ ಬೆಂಗಳೂರಿಗೆ ವರ್ಗ ಮಾಡಿತ್ತು. ಸಾಮಾನು ಕಟ್ಟಲೆಂದು ಬೀರು ತೆಗೆದರೆ, ಮಗಳು ಪ್ರಗತಿಯ ಮೊದಲ ಹುಟ್ಟುಹಬ್ಬಕ್ಕೆ ಅತ್ತೆ ಮಾಡಿಸಿಕೊಟ್ಟಿದ್ದ ಬೆಳ್ಳಿ ಗೆಜ್ಜೆ ಮಾಯ. ಅತ್ತೆ ಈಗಿಲ್ಲ. ಗೆಜ್ಜೆಯೂ ಇಲ್ಲ.

ಮುಕ್ಕಾಲು ಗಂಟೆಯಲ್ಲಿ ತಮ್ಮ ಹೃಷಿಕೇಶ ಹಾಜರಾದ. ಹೊಟ್ಟೆಪಾಡಿಗೆ ಟೆಲಿಕಾಂ ಕಂಪನಿ. ಹವ್ಯಾಸಕ್ಕೆ ಮಿಮಿಕ್ರಿ ಮತ್ತು ಪತ್ತೇದಾರಿಕೆ. ಕನ್ನಡ ಸಂಘದ ಪುಳಿಯೋಗರೆ ಪಾತ್ರೆ ಕಳುವಾದಾಗ ಹಿಡಿದುಕೊಟ್ಟವನು ಅವನೇ.

"ಗೆಜ್ಜೆ ಹೋದ್ರೆ ಹೆಜ್ಜೆ ಹುಡುಕಬೇಕು ಅಕ್ಕಾ."

"ತಮಾಷೆ ಬೇಡ ಕಣೋ. ಹೊಟ್ಟೆ ಉರೀತಿದೆ ನಂಗೆ."

"ಬೀರುಗೆ ಬೀಗ?"

"ಹಾಕೇ ಇತ್ತು. ಕೀ ದೇವರ ಫೋಟೋ ಹಿಂದೆ ಇರುತ್ತೆ."

"ಯಾರ್ಯಾರಿಗೆ ಗೊತ್ತು?"

"ನಂಗೆ, ನಿಮ್ಮ ಭಾವಂಗೆ, ಪ್ರಗತಿಗೆ." ಇಂದು ದನಿ ತಗ್ಗಿಸಿದಳು. "ಮುಥೋನಿಗೆ."

ಮುಥೋನಿ ಈ ಮನೆಯ ಕೆಲಸದಾಕೆ. ಮೊದಲ ದಿನದಿಂದಲೂ ಇದ್ದವಳು. ಆರು ವರ್ಷದ ಪ್ರಗತಿಗೆ ಜಡೆ ಹೆಣೆದವಳು, ಈಗ ಹದಿನಾರರ ಪ್ರಗತಿಯ ಗುಟ್ಟುಗಳನ್ನು ಕಾಯುವವಳು. ಈ ಮನೆಯಲ್ಲೇ ಕನ್ನಡ ಕಲಿತ ಅವಳ ಬಾಯಲ್ಲಿ ರಾಮ ಲಾಮನಾಗುತ್ತಿದ್ದ. ಪಾರ್ಟಿಗಳಲ್ಲಿ ಹೃಷಿಕೇಶ ಅವಳದೇ ದನಿ ತೆಗೆದು "ಅಯ್ಯೋ ಲಾಮಾ, ಸಾಲು ಉಕ್ಕಿತು!" ಎಂದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಮುಥೋನಿಯೂ.

"ಪ್ರಗತಿನ ಕೇಳಿದ್ಯಾ?"

"ಸ್ಕೂಲ್ ಕ್ಯಾಂಪು. ಭಾನುವಾರದ ತನಕ ಫೋನ್ ಕೊಡಲ್ಲ. ಅವಳನ್ನೇನು ಕೇಳೋದು? ಹೋದ ವಾರದ್ದು ಕೇಳು. ಅಡುಗೆಮನೆ ತುಂಬ ವಾಸನೆ. ಕಸದ ಬುಟ್ಟೀಲಿ ಮೊಟ್ಟೆ ಸಿಪ್ಪೆ! ನಮ್ಮನೇಲಿ!"

"ಮೊಟ್ಟಮೊದಲ ಮೊಟ್ಟೆ."

"ಮುಥೋನಿ ಬಾಯೇ ಬಿಡಲಿಲ್ಲ. ಅಷ್ಟು ಸದರ ಬಂದಿದೆ."

ಅಷ್ಟರಲ್ಲಿ ಮುಥೋನಿ ಕಾಫಿ ತಂದಳು. ಬಗ್ಗಿ ಲೋಟ ಇಟ್ಟಳು.

ಝಿಲ್, ಝಿಲ್, ಟಕ್.

ಹೃಷಿಕೇಶನ ಕಿವಿ ನೆಟ್ಟಗಾಯಿತು. ಅನುಕರಣೆ ಮಾಡುವವನ ಕಿವಿ ಮರೆಯುವುದಿಲ್ಲ. ಮೈಸೂರಿನ ಮನೆಯ ಹಜಾರದಲ್ಲಿ ತಪ್ಪು ಹೆಜ್ಜೆ ಇಡುತ್ತಿದ್ದ ಪ್ರಗತಿಯ ಕಾಲ ಸದ್ದು ಅದು. ಒಂದು ಗೆಜ್ಜೆಯ ಒಳಗಿನ ಕಾಳು ಬಿದ್ದುಹೋಗಿ, ಝಿಲ್ ಅನ್ನುವ ಕಡೆ ಟಕ್ ಅನ್ನುತ್ತಿತ್ತು. ಆ ಸದ್ದನ್ನು ನಾಲಗೆಯಲ್ಲೇ ಮಾಡಿ ಮಗುವನ್ನು ನಗಿಸಿದ್ದವನು ಅವನು.

ಮುಥೋನಿಯ ಕೊರಳಲ್ಲಿ ಕರ್ರಗಿನ ಸರ. ಸಂತೆಯ ಅಗ್ಗದ ಮಾಲಿನಂತಿತ್ತು.

"ಸ್ವಲ್ಪ ಕೊಡ್ತೀಯಾ?"

ಅವಳು ನಗುತ್ತಲೇ ಬಿಚ್ಚಿಕೊಟ್ಟಳು. ಹೃಷಿಕೇಶ ಕರವಸ್ತ್ರದಿಂದ ತಿಕ್ಕಿದ. ಕಪ್ಪಿನ ಕೆಳಗೆ ಬೆಳ್ಳಿ ಬೆಳಗಿತು. ಎರಡು ಪುಟ್ಟ ಕಾಲ್ಗೆಜ್ಜೆ, ಹಿಂದುಗಡೆ ಕಪ್ಪು ಮಣಿ ಪೋಣಿಸಿ ಒಂದು ಮಾಡಿದ್ದು.

"ಕೇಸ್ ಕ್ಲೋಸ್," ಎಂದ, ಟಿವಿಯ ಇನ್‌ಸ್ಪೆಕ್ಟರ್ ಗಂಟಲಿನಲ್ಲಿ.

* * *

"ಜವಾಡಿ," ಎಂದಳು ಮುಥೋನಿ. ಉಡುಗೊರೆ.

"ಯಾರು ಕೊಟ್ಟಿದ್ದು?" ಎಂದ ಹೃಷಿಕೇಶ.

ಮುಥೋನಿ ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಬೆಳ್ಳಿ ಅಂತ ಗೊತ್ತಾಗಬಾರದು ಅಂತ ಕಪ್ಪು ಬಳಿದ್ಯಾ?"

"ಬೆಳ್ಳಿ?" ಅವಳ ಮುಖವೇ ಕಪ್ಪಿಟ್ಟಿತು. ಇಂದುವಿನ ಕಡೆ ತಿರುಗಿದಳು. "ಇಲ್ಲಮ್ಮಾ. ಬೆಳ್ಳಿ ಅಂತ ನನಗೆ ಗೊತ್ತಿಲ್ಲ."

"ಯಾರು ಕೊಟ್ಟಿದ್ದು ಹೇಳು, ಸಾಕು," ಎಂದಳು ಇಂದು. ಕಣ್ಣು ತುಂಬಿತ್ತು. "ಹತ್ತು ವರ್ಷ ಮನೆಯವಳು ಅಂದ್ಕೊಂಡಿದ್ನಲ್ಲೇ!"

ಮುಥೋನಿ ಏಪ್ರನ್ ಬಿಚ್ಚಿ ಮಡಿಸಿ ಕುರ್ಚಿಯ ಮೇಲಿಟ್ಟಳು. ಮಟಾಟು ವ್ಯಾನ್ ಹಿಡಿಯಲು ಇಳಿಜಾರಿನ ರಸ್ತೆಯಲ್ಲಿ ನಡೆದುಹೋದಳು. ತಿರುಗಿ ನೋಡಲಿಲ್ಲ. ಹೃಷಿಕೇಶ ತಣ್ಣಗಾದ ಕಾಫಿ ಕುಡಿದ. ಸಕ್ಕರೆ ಸರಿಯಾಗಿತ್ತು, ಅವನಿಗೆ ಒಂದೂವರೆ ಚಮಚ ಎಂದು ಅವಳಿಗೆ ಗೊತ್ತಿತ್ತು.

* * *

ಕಪ್ಪು ತೆಗೆಸಲು ಶನಿವಾರ ಅವನು ಲಂಗಾಟಾ ಬಡಾವಣೆಗೆ ಹೋದ. ಮಂಗಳೂರಿನ ಫ್ಲಾವಿಯಾ ಟೀಚರ್ ನಿವೃತ್ತರಾದ ಮೇಲೆ ಮನೆಯಲ್ಲೇ ಒಡವೆ ಮಾಡುವ ಕ್ಲಾಸು ನಡೆಸುತ್ತಿದ್ದರು. ಊಟದ ಮೇಜಿನ ತುಂಬ ಮಣಿ, ತಂತಿ, ಇಕ್ಕಳ.

ಟೀಚರ್ ಸರವನ್ನು ಕನ್ನಡಕದ ಹತ್ತಿರ ತಂದರು.

"ಇದರ ಕಪ್ಪು ತೆಗೀಬೇಕಾ? ಎಂತಕ್ಕೆ ಮಾರಾಯ್ರೆ? ಇಷ್ಟು ಚೆಂದ ಮಾಡಿದ್ದಾರಲ್ಲ."

"ಬಣ್ಣ ಬಳಿದು ಮುಚ್ಚಿಟ್ಟಿದ್ದು ಟೀಚರ್. ಕಳ್ಳಮಾಲು."

"ಬಣ್ಣ ಅಲ್ಲ, ಮೊಟ್ಟೆ. ಬೇಯಿಸಿದ ಮೊಟ್ಟೆ ಹಿಸುಕಿ, ಬೆಳ್ಳಿ ಜೊತೆ ಡಬ್ಬಿಯಲ್ಲಿ ಮುಚ್ಚಿಡುದು. ನಾಲ್ಕು ಗಂಟೆಯಲ್ಲಿ ಕಪ್ಪಾಗ್ತದೆ. ನಾನೇ ಕಲಿಸುದು."

ಹೃಷಿಕೇಶನ ಬಾಯಲ್ಲಿದ್ದ ಚಟಾಕಿ ಒಳಗೇ ಉಳಿಯಿತು.

"ಆಮೇಲೆ ನೋಡಿ, ಉಬ್ಬಿದ ಹೂವನ್ನು ಮಾತ್ರ ಬಟ್ಟೆಯಲ್ಲಿ ಉಜ್ಜಿ ಹೊಳಪು ತಂದಿದ್ದಾರೆ. ಒಂದೊಂದೇ ಎಸಳು. ಕಳ್ಳರಿಗೆ ಹೂ ಉಜ್ಜುವಷ್ಟು ಪುರುಸೊತ್ತು ಉಂಟಾ?"

"ಮತ್ತೆ ಯಾರದ್ದು ಈ ಕೆಲಸ?"

"ಈ ಕೊಂಡಿಗಳನ್ನು ಅಗಲಿಸಬಾರದು, ಆಕಾರ ಕೆಡ್ತದೆ. ಒಂದು ತುದಿ ಮುಂದೆ, ಒಂದು ತುದಿ ಹಿಂದೆ, ಹೀಗೆ ತಿರುಚಬೇಕು. ಇದರಲ್ಲಿ ಸರಿಯಾಗಿಯೇ ತಿರುಚಿದ್ದಾರೆ. ಆದರೆ ಇಕ್ಕಳದ ಗೆರೆ ಎಲ್ಲ ಎಡಗಡೆ." ಟೀಚರ್ ನಕ್ಕರು. "ನನ್ನ ಕ್ಲಾಸಿನಲ್ಲಿ ಎಡಚಿ ಒಬ್ಬಳೇ. ನಿಮ್ಮ ಸೊಸೆ ಪ್ರಗತಿ."

* * *

"ಕದ್ದಿದ್ದು ಪ್ರಗತಿ, ಅಕ್ಕಾ. ತನ್ನದೇ ಗೆಜ್ಜೆ," ಎಂದ ಹೃಷಿಕೇಶ. ಯಾರ ಗಂಟಲೂ ಅಲ್ಲ, ಅವನದೇ. "ಮೊಟ್ಟೆ ತಂದಿದ್ದೂ ಅವಳೇ. ನೀವು ಊರು ಬಿಡ್ತಿದ್ದೀರಿ. ಮುಥೋನಿಗೆ ಏನಾದ್ರೂ ಕೊಡಬೇಕು ಅಂತ ಪ್ರಗತಿಗೆ ಅನ್ನಿಸಿದೆ. ಹೊಳೆಯೋ ಬೆಳ್ಳಿ ಕೊಟ್ರೆ ಅವಳು ತಗೊಳ್ಳಲ್ಲ. ಅದಕ್ಕೇ ಅಗ್ಗದ್ದು ಅನ್ನೋ ಥರ ಕಪ್ಪು ಮಾಡಿದ್ದು."

"ಮತ್ತೆ ಮುಥೋನಿ ಯಾಕೋ ಹೇಳಲಿಲ್ಲ?"

"ಹೇಳಿದ್ರೆ ಮಗೂಗೆ ಬೈಗುಳ. ಮೊಟ್ಟೆ ವಿಷಯಕ್ಕೂ ಬಾಯಿ ಬಿಡಲಿಲ್ಲವಲ್ಲ. ಸದ್ದು ಗುರುತು ಹಿಡಿದೆ ಅಂತ ಮೆರೆದೆ ಅಕ್ಕಾ. ಅವಳು ಸುಮ್ಮನಿದ್ದಳಲ್ಲ, ಅದು ನಂಗೆ ಕೇಳಿಸಲೇ ಇಲ್ಲ. ಎರಡು ದಿನ ಕಾಯಬಹುದಿತ್ತು."

ಇಂದು ಕುರ್ಚಿಯ ಮೇಲಿನ ಏಪ್ರನ್ ಕಡೆ ನೋಡಿದಳು. ಶುಕ್ರವಾರದಿಂದ ಅದನ್ನು ಯಾರೂ ಎತ್ತಿರಲಿಲ್ಲ.

* * *

ಭಾನುವಾರ ಕ್ಯಾಂಪಿನ ಬಸ್ಸಿಳಿದ ಪ್ರಗತಿ, ನಡೆದದ್ದು ತಿಳಿದ ಮೇಲೆ ಕೇಳಿದ್ದು ಒಂದೇ ಮಾತು. "ಮಾಮಾ, ಇಟ್ ವಾಸ್ ಮೈನ್ ಟು ಗಿವ್. ವೈ ಡಿಡಂಟ್ ಯೂ ವೇಟ್?"

ಮುಥೋನಿಯ ಮನೆ, ಪಂಗಾನಿಯ ಹಳೇ ಕಟ್ಟಡದ ಮೂರನೇ ಮಹಡಿ. ಬಾಗಿಲು ತೆರೆದ ಮುಥೋನಿಯನ್ನು ಪ್ರಗತಿ ತಬ್ಬಿಕೊಂಡಳು.

"ಮಮ್ಮಿಗೆ ಹೇಳಬೇಡ ಅಂತ ನೀನು ಅಂದೆ. ನಾನು ಹೇಳಲಿಲ್ಲ," ಎಂದಳು ಮುಥೋನಿ, ಅವಳ ತಲೆ ಸವರುತ್ತ.

ಇಂದು ಕೈಮುಗಿದಳು. "ತಪ್ಪಾಯ್ತು ಮುಥೋನಿ. ವಾಪಸ್ ಬಾ. ಇದು ನಿಂದೇ, ತಗೋ."

ಮುಥೋನಿ ಸರ ಮುಟ್ಟಲಿಲ್ಲ.

"ಮಗು ಮಾಡಿದ್ದು ಅಂತ ಹಾಕಿದ್ದೆ ಅಮ್ಮಾ. ಈಗ ಬೆಳ್ಳಿ ಅಂತ ಗೊತ್ತಾಯ್ತು. ನಾಳೆ ಬೇರೆ ಮನೆಗೆ ಕೆಲಸಕ್ಕೆ ಹೋಗ್ತೇನೆ. ಇದು ನಿನಗೆ ಎಲ್ಲಿಂದ ಬಂತು ಅಂತ ಕೇಳ್ತಾರೆ." ಹೃಷಿಕೇಶನ ಕಡೆ ನೋಡಿದಳು. "ನಿಮಗೆ ನಾನು ಹತ್ತು ವರ್ಷ ಗೊತ್ತು. ನೀವೇ ಕೇಳಿದ್ರಿ. ಅವರಿಗೆ ನಾನು ಗೊತ್ತೇ ಇಲ್ಲ."

ಆಮೇಲೆ ಅವಳು ಎಲ್ಲರಿಗೂ ಚಹಾ ಮಾಡಿದಳು. ಹೃಷಿಕೇಶನ ಲೋಟಕ್ಕೆ ಒಂದೂವರೆ ಚಮಚ.

ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಪ್ರಗತಿಯ ಮುಷ್ಟಿಯೊಳಗೆ ಸರ ಅಲುಗುತ್ತಿತ್ತು. ಝಿಲ್, ಝಿಲ್, ಟಕ್.

"ಮಾಮಾ," ಎಂದಳು, "ಡೂ ಹರ್ ವಾಯ್ಸ್. ಜಸ್ಟ್ ಒನ್ಸ್. ಪ್ಲೀಸ್."

ಹೃಷಿಕೇಶ ಗಂಟಲು ಸರಿಮಾಡಿಕೊಂಡ. ಬಾಯಿ ತೆರೆದ.

ಆ ದನಿ ಬರಲಿಲ್ಲ.